ಏಳನೇ ಕ್ಲಾಸ್ ಮುಗಿಸಿದವಳ ಕಾದಂಬರಿ

ಮಂಡ್ಯ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಏಳನೇ ಕ್ಲಾಸ್ ಮುಗೀತು ಅಂದ್ರೆ ಊರಿನ ಶಾಲೆಯೇ ಮುಗಿದ ಹಾಗೆ. ಎಂಟಕ್ಕೆ ಪಕ್ಕದೂರಿನ ಹೈಸ್ಕೂಲು. ಅಲ್ಲೀವರೆಗೆ ಅವ್ವನ ಕಣ್ಣೆದುರೇ ಇದ್ದ ಹುಡುಗಿ ನಾಲೆ ಏರಿ ಮೇಲೆ ಒಬ್ಬಳೇ ಹೊರಡುತ್ತಾಳೆ. ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಬೆಳೆಯುವುದರ ಬಗ್ಗೆ ಒಂದು ಕಾದಂಬರಿ ಬರೆಯೋಣ ಅಂತ ಕೂತಾಗ ನಾನು ಹಿಡಿದದ್ದು ಇದೇ ದಾರಿ.

ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದ್ದು 2006-07ರಲ್ಲಿ. ಕಥೆಯನ್ನೂ ಆ ಕಾಲಕ್ಕೇ ಇಟ್ಟೆ. ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ ಅನ್ನೋದು ಇನ್ನೊಂದು ಅನುಕೂಲ. ಫೋನಿದ್ದರೆ ಮಕ್ಕಳ ಕಥೆಯಲ್ಲಿ ಯಾರೂ ದಾರಿ ತಪ್ಪೋದೇ ಇಲ್ಲ!

ಬರೆಯುವಾಗ ಒಂದೇ ಹಟ ಇಟ್ಟುಕೊಂಡಿದ್ದೆ. ಹುಡುಗಿಗೆ ಎಷ್ಟು ಕಾಣುತ್ತೋ ಅಷ್ಟೇ ಬರೆಯಬೇಕು. ಕಬ್ಬು ಒಣಗುತ್ತಾ ನಿಂತಿದೆ, ಕಾರ್ಖಾನೆಯಿಂದ ಕಟಾವಿಗೆ ಕರೆ ಬಂದಿಲ್ಲ, ಅಪ್ಪ ಸಿಕ್ಕಿದ ರೇಟಿಗೆ ಆಲೆಮನೆಗೆ ಕೊಡುತ್ತಾನೆ. ಸಾಲ ಎಷ್ಟು, ಬಡ್ಡಿ ಎಷ್ಟು, ಇದೆಲ್ಲ ಅವಳಿಗೆ ಗೊತ್ತಿಲ್ಲ. ಒಂದು ಬೆಳಗ್ಗೆ ಅವ್ವನ ಕಿವಿಯಲ್ಲಿ ಓಲೆ ಇಲ್ಲ, ತೂತು ಮುಚ್ಚದಿರಲಿ ಅಂತ ಪೊರಕೆ ಕಡ್ಡಿ ಮುರಿದು ಸಿಕ್ಕಿಸಿಕೊಂಡಿದ್ದಾಳೆ. ಅಷ್ಟನ್ನು ಹುಡುಗಿ ನೋಡುತ್ತಾಳೆ. ಕೇಳೋದಿಲ್ಲ. ಹೊಸ ಜಾಮಿಟ್ರಿ ಬಾಕ್ಸ್ ಬೇಕು ಅಂತ ಹಿಂದಿನ ದಿನ ಶುರು ಮಾಡಿದ್ದ ರಗಳೆಯನ್ನು ಅಲ್ಲಿಗೇ ನಿಲ್ಲಿಸುತ್ತಾಳೆ. ಇಡೀ ಪುಸ್ತಕದಲ್ಲಿ ಅವಳು ದೊಡ್ಡವಳಾದ ಜಾಗ ಅದು ಅಂತ ನನ್ನ ಲೆಕ್ಕ. ಅವಳಿಗದು ಗೊತ್ತೇ ಇಲ್ಲ.

ಊರಿನವರ ಲೆಕ್ಕದಲ್ಲಿ ದೊಡ್ಡವಳಾಗೋದು ಬೇರೆ, ಅಲ್ವಾ? ಸೋದರಮಾವ ಸೊಪ್ಪಿನ ಗುಡ್ಲು ಹಾಕೋದು, ಆರತಿ, ಬೀದಿಯವರೆಲ್ಲ ಬಂದು ನೋಡೋದು. ಅದನ್ನು ಬಿಡೋ ಹಾಗಿರಲಿಲ್ಲ. ಆದರೆ ಶಾಸ್ತ್ರದ ವಿವರಕ್ಕೆ ಜಾಸ್ತಿ ಹೋಗಲಿಲ್ಲ. ಆ ದಿನಗಳಲ್ಲೇ ಶಾಲೆಯಲ್ಲಿ ಗಣಿತದ ಟೆಸ್ಟ್ ಇದೆ, ಇವಳನ್ನು ಕಳಿಸಲ್ಲ, ಕ್ಲಾಸಿನ ಹುಡುಗರಿಗೆಲ್ಲ ಯಾಕೆ ಅಂತ ಗೊತ್ತಾಗಿಹೋಗಿದೆ. ಅವಳ ಸಿಟ್ಟು ಅದರ ಮೇಲೆ. ನಾನು ಬರೆದದ್ದು ಸಿಟ್ಟನ್ನು.

ಬರೆದಷ್ಟನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದ್ರೆ ಊರಿನ ಲೈಬ್ರರಿಯಲ್ಲಿ, ಶನಿವಾರ ಮಧ್ಯಾಹ್ನ ಮಕ್ಕಳಿಗೆ ಓದಿ ಹೇಳುತ್ತಿದ್ದೆ. ಒಂದು ಅಧ್ಯಾಯ 1,200 ಪದ ದಾಟದ ಹಾಗೆ ನೋಡಿಕೊಂಡೆ. ಅದಕ್ಕಿಂತ ಉದ್ದವಾದರೆ ಹಿಂದಿನ ಸಾಲಿನವರು ಬೆಂಚಿನ ಕೆಳಗೆ ಕಾಲು ಆಡಿಸೋಕೆ ಶುರು ಮಾಡ್ತಾರೆ. ಕಾಲು ಆಡಿದ ಕಡೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಮನೆಗೆ ಬಂದು ಗೆರೆ ಇದ್ದಲ್ಲಿ ನೋಡಿದರೆ ಸಾಮಾನ್ಯವಾಗಿ ಯಾರೋ ದೊಡ್ಡವರು ಬುದ್ಧಿ ಹೇಳ್ತಾ ಇರ್ತಾರೆ.

ಸುಮ್ನೆ ಓದೋದಲ್ಲ, ಕೇಳೋದೂ ಇತ್ತು. ನಾಲೆ ಏರಿ ಮೇಲೆ ಸೈಕಲ್ ಚೈನ್ ಬಿದ್ದರೆ ಏನು ಮಾಡ್ತೀರಿ ಅಂದೆ. "ಕಡ್ಡಿ ತಕಂಡು ಚೈನ್ ಎತ್ತಿ ಪೆಡ್ಲು ಹಿಂದಕ್ಕೆ ತಿರುಗ್ಸದು ಮಿಸ್. ಕೈನ ಯೂನಿಫಾರ್ಮ್‌ಗೆ ಒರೆಸ್ಬಾರ್ದು, ಗರಿಕೆಗೆ ಒರೆಸ್ಬೇಕು" ಅಂದಳು ಒಬ್ಬಳು. ಅವಳ ಮಾತು ಹಾಗೇ ಪುಸ್ತಕಕ್ಕೆ ಹೋಯಿತು. ನಿರೂಪಣೆ ಎಲ್ಲರೂ ಓದುವ ಕನ್ನಡದಲ್ಲೇ ಇದೆ. ಬಾಯಿಮಾತು ಮಾತ್ರ ಪೂರ್ತಿ ಮಂಡ್ಯದ್ದು. ಮೈಸೂರಿನ ಕುವೆಂಪುನಗರದ ಮಕ್ಕಳಿಗೆ ಕಷ್ಟ ಆಗುತ್ತೆ ಅಂತ ಒಬ್ಬರು ಅಂದರು. ಆಗಲಿ, ಎರಡು ಪುಟ ಓದಿದ ಮೇಲೆ ಕಿವಿಗೆ ಹತ್ತುತ್ತೆ.

ಹಸ್ತಪ್ರತಿ ಓದಿದ ದೊಡ್ಡವರು ಕೇಳಿದ್ದು ಒಂದೇ: "ಇದರಲ್ಲಿ ನೀತಿ ಎಲ್ಲಿದೆ?" ಮೈಸೂರಿನಲ್ಲೇ ಬಾಳಿದ ಆರ್.ಕೆ. ನಾರಾಯಣ್ 1935ರಲ್ಲೇ ಸ್ವಾಮಿ ಅನ್ನೋ ಹುಡುಗನ ಕಥೆ ಬರೆದರು. ಕೊನೆಯಲ್ಲಿ ಗೆಳೆಯ ರೈಲು ಹತ್ತಿ ಹೋಗ್ತಾನೆ. ಅವನ ಸಿಟ್ಟು ಇಳಿಯಿತಾ ಇಲ್ಲವಾ, ಸ್ವಾಮಿಗೆ ಖಾತ್ರಿಯಿಲ್ಲ. ಯಾವ ನೀತಿಯೂ ಇಲ್ಲ, ಆದರೂ ಜನ ಇವತ್ತಿಗೂ ಓದ್ತಾರೆ. ಕೇಳಿದವರಿಗೆ ಇದನ್ನೇ ಹೇಳಿದೆ.

ನನ್ನ ಕಥೆಯಲ್ಲೂ ಅಪ್ಪನ ಸಾಲ ತೀರಲ್ಲ. ಓಲೆ ವಾಪಸ್ ಬರಲ್ಲ. ಓಲೆ ಬಿಡಿಸಿ ತಂದುಬಿಡಿ ಮಿಸ್ ಅಂತ ಮಕ್ಕಳು ತುಂಬಾ ಜಗಳ ಆಡಿದರು. ಒಪ್ಪಲಿಲ್ಲ. ಬೇಕಿದ್ದರೆ ನೀವೇ ಒಂದು ಅಧ್ಯಾಯ ಬರೆದು ಬಿಡಿಸಿಕೊಳ್ಳಿ ಅಂದೆ. ಇಬ್ಬರು ಬರೆದುಕೊಂಡು ಬಂದರು. ಒಬ್ಬಳ ಕಥೆಯಲ್ಲಿ ಅವ್ವನೇ ರೇಷ್ಮೆ ಹುಳ ಸಾಕಿ, ಗೂಡು ಮಾರಿ, ದುಡ್ಡು ಕಟ್ಟಿ ಬರ್ತಾಳೆ. ನನಗೆ ಹೊಳೆದೇ ಇರಲಿಲ್ಲ.