ಹಳ್ಳದ ಮೇಲೆ ಹಳದಿ ಬಣ್ಣ ಬಂದರೆ ಆಕ್ಷೇಪಣೆ ಹೀಗೆ ಬರೆಯಿರಿ

ನಮ್ಮ ಹೊಲ ಕಲಬುರಗಿ ರಿಂಗ್ ರೋಡಿನ ಆಚೆ, ಗ್ರಾಮ ಪಂಚಾಯತಿ ಹದ್ದಿನಲ್ಲಿದೆ. ಆದರೂ ನಗರಾಭಿವೃದ್ಧಿ ಪ್ರಾಧಿಕಾರದ ಮಾಸ್ಟರ್ ಪ್ಲಾನಿಗೆ, ಅಂದರೆ ಯಾವ ಜಾಗ ಯಾವುದಕ್ಕೆ ಬಳಕೆ ಅಂತ ಹೇಳುವ ಯೋಜನೆಗೆ, ಸೇರುತ್ತದೆ. ಅದಕ್ಕೇ ಕರಡು ನಕ್ಷೆ ಬಂದಾಗ ಸುತ್ತಲಿನ ಹಳ್ಳಿಯವರೂ ನೋಡಲೇಬೇಕು.

ಮೊದಲು ಪಹಣಿ ತೆಗೆದು ಸರ್ವೆ ನಂಬರ್ ಬರೆದುಕೊಳ್ಳಿ. ನಕ್ಷೆಯಲ್ಲಿ ಅದನ್ನು ಹುಡುಕಿ. ಹಳದಿ ಅಂದರೆ ಸಾಮಾನ್ಯವಾಗಿ ವಸತಿ. ಮೂಲೆಯಲ್ಲಿರುವ ಬಣ್ಣದ ಪಟ್ಟಿಯನ್ನೂ ನೋಡಿಬಿಡಿ.

ಆಮೇಲೆ ಹಳೆಯ ಗ್ರಾಮ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇದನ್ನು ಮಾತ್ರ ಬಿಡಬೇಡಿ. ನಮ್ಮ ಬದುವಿನ ಪಕ್ಕದ ಹಳ್ಳ ಅದರಲ್ಲಿ ಎರಡು ಗೆರೆಯಾಗಿ ಕಾಣುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬರೀ ಜಾಲಿ ಗಿಡ. ಸೆಪ್ಟೆಂಬರ್ ಮಳೆಗೆ ಕರಿಮಣ್ಣು ಕಲಸಿದ ನೀರು ಎದೆಮಟ್ಟ ಬರುತ್ತದೆ. ಕರಡು ನಕ್ಷೆಯಲ್ಲಿ ಈ ಹಳ್ಳದ ಮೇಲೆ ಹಳದಿ ಬಂದು, ಅದನ್ನು ಮುಚ್ಚಿ ಪ್ಲಾಟ್ ಹಾಕಿದರೆ ಆ ನೀರೆಲ್ಲ ಕೆಳಗೆ ಪಾಲಿಕೆಯ ಬಡಾವಣೆಗೇ ನುಗ್ಗುತ್ತದೆ ಅಲ್ವಾ?

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಆಕ್ಷೇಪಣೆ ಕೊಡಲು 60 ದಿನ ಇರುತ್ತದೆ. ಸುಮ್ನೆ ‘ಬೇಡ’ ಅಂತ ಬರೆಯಬೇಡಿ. ಸರ್ವೆ ನಂಬರ್, ಹಳ್ಳದ ಅಗಲ, ಮಳೆಗಾಲದ ಫೋಟೊ ಸೇರಿಸಿ. ಕೆಳಗಿನ ಬಡಾವಣೆಯವರ ಸಹಿಯನ್ನೂ ಹಾಕಿಸಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕಚೇರಿಯಿಂದ ಏಳಬೇಡಿ.