ಹ್ಯಾಮ್ ರೇಡಿಯೊಗೆ ಮೋರ್ಸ್ ಕೀಯರ್ ಜೋಡಿಸುವ ಬಗೆ

ಮೋರ್ಸ್ ಸಂಕೇತದ ಚುಕ್ಕೆ, ಗೆರೆಗಳನ್ನು ಬೆರಳಿನಿಂದ ಒತ್ತಿ ಕಳುಹಿಸುವ ಹೊಸ ಪ್ಯಾಡಲ್ ತಂದು ರೇಡಿಯೊಗೆ ಸಿಕ್ಕಿಸಿದ ಕೂಡಲೇ ಸೆಟ್ಟು ‘ಡಾ ಡಾ ಡಾ’ ಎಂದು ನಿಲ್ಲದೆ ಕೂಗತೊಡಗಿದರೆ, ಅಥವಾ ಒಂದು ಗೆರೆಗೆ ಬದಲಾಗಿ ಚುಕ್ಕೆಗಳ ಸಾಲೇ ಹೊರಟರೆ, ಪ್ಯಾಡಲ್ ಕೆಟ್ಟಿದೆಯೆಂದು ಅಂಗಡಿಗೆ ಹಿಂದಿರುಗಿಸಲು ಹೊರಡಬೇಕಾಗಿಲ್ಲ. ಬಹುಪಾಲು ಕೆಟ್ಟಿರುವುದು ಏನೂ ಇರುವುದಿಲ್ಲ. ಚುಕ್ಕೆ ಮತ್ತು ಗೆರೆಗಳನ್ನು ಅಳತೆಗೆ ಸರಿಯಾಗಿ ತಯಾರಿಸುವ ಕೆಲಸ ಯಾರದೆಂಬುದು ತೀರ್ಮಾನವಾಗಿರುವುದಿಲ್ಲ. ಆ ಕೆಲಸ ರೇಡಿಯೊ ಒಳಗೇ ಇರುವ, ಕೀಯರ್ ಎಂಬ ಸರ್ಕಿಟ್‌ನದಾಗಿರಬಹುದು, ಹೊರಗೆ ಇಟ್ಟ ಸಣ್ಣ ಡಬ್ಬಿಯದಾಗಿರಬಹುದು, ಒಂದೇ ಗುಂಡಿಯನ್ನು ಕೈಯಿಂದ ಒತ್ತಿ ಬಿಡುವ ಸ್ಟ್ರೇಟ್ ಕೀ ಬಳಸುವವರಿಗಾದರೆ ಅವರ ಮಣಿಕಟ್ಟಿನದೇ ಆಗಿರುತ್ತದೆ. ಯಾರದಾದರೂ ಸರಿ, ಒಬ್ಬರದು ಮಾತ್ರ ಆಗಿರಬೇಕು.

ಒಳಗಿನದೋ, ಹೊರಗಿನದೋ?

ಇತ್ತೀಚಿನ ಎಚ್‌ಎಫ್ (ಶಾರ್ಟ್‌ವೇವ್) ಸೆಟ್‌ಗಳಲ್ಲಿ ಹೆಚ್ಚಿನವು ಕೀಯರ್ ಇಟ್ಟುಕೊಂಡೇ ಬರುತ್ತವೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮನೆಯ ಒಂದು ಮೂಲೆಯಲ್ಲಿ ಒಂದೇ ರೇಡಿಯೊ ಇಟ್ಟುಕೊಂಡು ಸಂಜೆ ಹೊತ್ತು ಮಾತನಾಡುವವರಿಗೆ ಅದೇ ಸಾಕೆಂಬುದು ನನ್ನ ಅಭಿಪ್ರಾಯ. ಹಳೆಯ ಸೆಟ್ಟಿಗೆ ಕೀಯರ್ ಇಲ್ಲದಿದ್ದರೆ, ಎರಡು ಮೂರು ರೇಡಿಯೊಗಳಲ್ಲಿ ಕೈಗೆ ಒಂದೇ ಹದ ಬೇಕಿದ್ದರೆ, ಅಥವಾ ಸಂಪರ್ಕಗಳ ದಾಖಲೆ ಇಡುವ ಕಂಪ್ಯೂಟರಿನ ಲಾಗಿಂಗ್ ಸಾಫ್ಟ್‌ವೇರ್‌ನಿಂದಲೇ ಮೋರ್ಸ್ ಕಳುಹಿಸಬೇಕಿದ್ದರೆ ಹೊರಗಿನ ಕೀಯರ್ ಕೊಳ್ಳುವುದರಲ್ಲಿ ಅರ್ಥವಿದೆ. ಕೆ1ಇಎಲ್ ವಿನ್‌ಕೀಯರ್ ಈ ಬಗೆಯದು. ಬೆಸುಗೆ ಹಾಕುವ ಆಸಕ್ತಿಯಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಆರ್ಡುಯಿನೊ ಬೋರ್ಡಿಗೆ ಕೆ3ಎನ್‌ಜಿ ಕೀಯರ್‌ನ ಮುಕ್ತ ತಂತ್ರಾಂಶ ಹಾಕಿ ತಾವೇ ಒಂದನ್ನು ಕಟ್ಟಿಕೊಳ್ಳಬಹುದು.

ಪ್ಲಗ್‌ನಿಂದ ಆರಂಭಿಸಿ

ಒಳಗಿನ ಕೀಯರ್ ಬಳಸುವುದಾದರೆ ಪ್ಯಾಡಲ್‌ನ ತಂತಿಗೆ ಮೂರು ಸಂಪರ್ಕಗಳ ಸ್ಟೀರಿಯೊ ಪ್ಲಗ್ ಇರಲೇಬೇಕು: ತುದಿ ಚುಕ್ಕೆಗೆ, ನಡುವಿನ ಉಂಗುರ ಗೆರೆಗೆ, ಬುಡ ಎರಡಕ್ಕೂ ಸಾಮಾನ್ಯವಾದ ಗ್ರೌಂಡಿಗೆ. ಮೋನೊ ಪ್ಲಗ್ ಹಾಕಿದರೆ ಅದರ ಉದ್ದನೆಯ ಬುಡ ಜ್ಯಾಕ್‌ನೊಳಗಿನ ಉಂಗುರದ ಸಂಪರ್ಕವನ್ನೂ ಗ್ರೌಂಡಿಗೆ ಸೇರಿಸಿಬಿಡುತ್ತದೆ. ಗೆರೆಯ ಕಡೆಯನ್ನು ಒತ್ತಿ ಹಿಡಿದಿದ್ದಾರೆಂದೇ ರೇಡಿಯೊ ಭಾವಿಸುತ್ತದೆ. ಮೊದಲು ಹೇಳಿದ ನಿಲ್ಲದ ಕೂಗಿಗೆ ಸಾಮಾನ್ಯ ಕಾರಣ ಇದೇ. ಅಳತೆಯನ್ನೂ ನೋಡಿಕೊಳ್ಳಿ. ಯೇಸು ಎಫ್‌ಟಿ-891ರ ಕೀ ಜ್ಯಾಕ್ 3.5 ಮಿ.ಮೀ., ಐಕಾಮ್ ಐಸಿ-7300ರದು 6.35 ಮಿ.ಮೀ.

ಮೊಬೈಲ್ ಇಯರ್‌ಫೋನಿನ ತಂತಿಯನ್ನು ಕತ್ತರಿಸಿ ಬಳಸುವುದು ಅಗ್ಗವೆನಿಸಿದರೂ ಬೇಡ. ಅದರ ಪ್ಲಗ್‌ಗೆ ಮೈಕ್‌ಗೆಂದು ನಾಲ್ಕನೆಯ ಸಂಪರ್ಕವಿರುತ್ತದೆ. ಒಳಗಿನ ಕೂದಲೆಳೆಯಂಥ ತಂತಿಗಳ ಮೇಲೆ ಬಣ್ಣದ ಲೇಪವಿದ್ದು, ಅದನ್ನು ಸುಟ್ಟು ತೆಗೆಯದ ಹೊರತು ಬೆಸುಗೆ ಹಿಡಿಯುವುದಿಲ್ಲ. ಷೀಲ್ಡ್ ಇರುವ ಎರಡೆಳೆಯ ಆಡಿಯೊ ಕೇಬಲ್ ಮತ್ತು ಲೋಹದ ಕವಚದ ಪ್ಲಗ್ ಕೊಳ್ಳಿ.

ಮೆನುವಿನಲ್ಲಿ ಹೇಳಬೇಕಾದದ್ದು

ಪ್ಲಗ್ ಹಾಕಿದ ಮೇಲೆ, ಜ್ಯಾಕ್‌ಗೆ ಏನು ಬಂದಿದೆಯೆಂದು ರೇಡಿಯೊಗೆ ತಿಳಿಸಬೇಕು. ಐಸಿ-7300ರ ಮೆನುವಿನಲ್ಲಿ ಸ್ಟ್ರೇಟ್, ಬಗ್ (ಚುಕ್ಕೆಗಳನ್ನು ಮಾತ್ರ ತಾನಾಗಿ ತಯಾರಿಸುವ ಬಗೆ), ಪ್ಯಾಡಲ್ ಎಂಬ ಆಯ್ಕೆಗಳಿವೆ. ಎಫ್‌ಟಿ-891ರಲ್ಲಿ ಆಫ್, ಬಗ್, ಎಲೆಕೀ-ಎ, ಎಲೆಕೀ-ಬಿ ಮುಂತಾದವು. ಪ್ಯಾಡಲ್ ನೇರವಾಗಿ ರೇಡಿಯೊಗೆ ಬಂದಿದ್ದರೆ ಪ್ಯಾಡಲ್ ಅಥವಾ ಎಲೆಕೀ ಆರಿಸಿ. ಪ್ಯಾಡಲ್ ಹೊರಗಿನ ಕೀಯರ್‌ಗೆ ಹೋಗಿ, ಆ ಕೀಯರ್‌ನ ಔಟ್‌ಪುಟ್ ರೇಡಿಯೊಗೆ ಬಂದಿದ್ದರೆ ಸ್ಟ್ರೇಟ್ ಅಥವಾ ಆಫ್ ಆರಿಸಬೇಕು. ಇಲ್ಲವಾದರೆ ಹೊರಗಿನ ಕೀಯರ್ ಕಳುಹಿಸಿದ ಒಂದು ಉದ್ದ ಗೆರೆಯನ್ನು ಒಳಗಿನ ಕೀಯರ್ ‘ಚುಕ್ಕೆಯ ಕಡೆ ಒತ್ತಿದ್ದಾರೆ’ ಎಂದು ಓದಿಕೊಂಡು, ಆ ಗೆರೆ ಮುಗಿಯುವವರೆಗೆ ಚುಕ್ಕೆಗಳನ್ನೇ ಸುರಿಯುತ್ತದೆ. ಕೆನ್‌ವುಡ್ ಟಿಎಸ್-590ರಲ್ಲಿ ಪ್ಯಾಡಲ್‌ಗೂ ಕೀಗೂ ಬೇರೆ ಬೇರೆ ಜ್ಯಾಕ್ ಇರುವುದರಿಂದ ಈ ಗೊಂದಲ ಕಡಿಮೆ.

ಬಲಗೈಯವರಿಗೆ ಹೆಬ್ಬೆರಳು ಚುಕ್ಕೆ, ತೋರುಬೆರಳು ಗೆರೆ ಎಂಬುದು ರೂಢಿ. ತಿರುವುಮುರುವಾಗಿದ್ದರೆ ಬೆಸುಗೆ ಬಿಚ್ಚುವ ಮೊದಲು ಮೆನುವಿನಲ್ಲಿ ಅದಲುಬದಲು ಮಾಡುವ ಆಯ್ಕೆಯನ್ನು ಹುಡುಕಿ.

ಚುಕ್ಕೆಗೊಂದು, ಗೆರೆಗೊಂದು ಎಂದು ಎರಡು ಸನ್ನೆಗೋಲುಗಳಿರುವ ಪ್ಯಾಡಲ್ ಇದ್ದವರು ‘ಎ’ ಮತ್ತು ‘ಬಿ’ ಮೋಡ್‌ಗಳನ್ನು ಗಮನಿಸಬೇಕು. ಎರಡನ್ನೂ ಒಟ್ಟಿಗೆ ಹಿಂಡಿದರೆ ಚುಕ್ಕೆ, ಗೆರೆಗಳು ಸರದಿಯಂತೆ ಬರುತ್ತವೆ. ಬೆರಳು ಬಿಟ್ಟಾಗ ಎ ಮೋಡ್ ನಡೆಯುತ್ತಿರುವುದನ್ನು ಮುಗಿಸಿ ನಿಲ್ಲುತ್ತದೆ; ಬಿ ಮೋಡ್ ಅದರ ಎದುರಿನದನ್ನು ಇನ್ನೊಂದು ಸೇರಿಸಿ ನಿಲ್ಲುತ್ತದೆ. ಆದ್ದರಿಂದ ಎ ಮೋಡ್‌ಗೆ ಪಳಗಿದ ಕೈ ಬಿ ಮೋಡ್‌ನ ಸೆಟ್ಟಿನಲ್ಲಿ ‘ಎ’ ಅಕ್ಷರ ಕಳುಹಿಸಲು ಹೋದರೆ ಕೊನೆಗೊಂದು ಚುಕ್ಕೆ ಅಂಟಿ ‘ಆರ್’ ಆಗುತ್ತದೆ; ಬಿ ಮೋಡ್‌ನ ಕೈ ಎ ಮೋಡ್‌ನಲ್ಲಿ ‘ಸಿ’ ಕಳುಹಿಸಿದರೆ ಕೊನೆಯ ಚುಕ್ಕೆ ಬಿದ್ದುಹೋಗಿ ‘ಕೆ’ ಆಗುತ್ತದೆ. ಯಾವುದು ಉತ್ತಮ ಎಂಬ ವಾದ ಮುಗಿಯುವಂಥದ್ದಲ್ಲ. ಕಲಿಯುವವರು ಒಂದನ್ನು ಹಿಡಿದು, ಕೂರುವ ಪ್ರತಿ ಸೆಟ್ಟಿನಲ್ಲೂ ಅದನ್ನೇ ಇಟ್ಟುಕೊಂಡರೆ ಸಾಕು.

ಹಳೆಯ ಸೆಟ್ಟಾದರೆ ಮೀಟರ್ ಹಿಡಿಯಿರಿ

ಹೊರಗಿನ ಕೀಯರ್‌ಗಳಲ್ಲಿ ಹಲವು ಟ್ರಾನ್ಸಿಸ್ಟರ್ ಮೂಲಕ ಕೀ ಒತ್ತುತ್ತವೆ. ಅವು ಸಣ್ಣ ಧನಾತ್ಮಕ ವೋಲ್ಟೇಜಿಗೆ ಹೊಂದುತ್ತವೆ. ವಾಲ್ವ್ ಕಾಲದ ಕೆಲವು ಸೆಟ್‌ಗಳ ಕೀ ಜ್ಯಾಕ್‌ನಲ್ಲಿ ಹತ್ತಾರು ವೋಲ್ಟ್ ಋಣಾತ್ಮಕ ವೋಲ್ಟೇಜ್ ಇರುತ್ತದೆ. ಆದ್ದರಿಂದ ರೇಡಿಯೊಗೆ ಸಿಕ್ಕಿಸಿದ ಪ್ಲಗ್‌ನ ತುದಿಯಿಂದ ಬರುವ ತಂತಿಗೆ ಮಲ್ಟಿಮೀಟರಿನ ಕೆಂಪು ಮೊನೆಯನ್ನೂ ಬುಡದ ತಂತಿಗೆ ಕಪ್ಪನ್ನೂ ತಾಗಿಸಿ, ಕೀ ಒತ್ತದೆ, ಡಿಸಿ ವೋಲ್ಟೇಜ್ ಅಳೆದು ನೋಡಿ. ಅಂಕಿಯ ಮುಂದೆ ಮೈನಸ್ ಕಂಡರೆ ನಡುವೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಇಲ್ಲದೆ ಜೋಡಿಸಬೇಡಿ.

ಪ್ರಸಾರಕ್ಕೆ ಮೊದಲು

ಬ್ರೇಕ್-ಇನ್ (ಕೀ ಒತ್ತಿದೊಡನೆ ರೇಡಿಯೊ ತಾನಾಗಿ ಪ್ರಸಾರಕ್ಕೆ ಹೋಗುವ ವ್ಯವಸ್ಥೆ) ಆಫ್ ಮಾಡಿದರೆ ರೇಡಿಯೊ ಪ್ರಸಾರಕ್ಕೆ ಹೋಗದೆ ಸೈಡ್‌ಟೋನ್, ಅಂದರೆ ನೀವು ಒತ್ತಿದ ಮೋರ್ಸ್‌ನ ಸದ್ದು, ಮಾತ್ರ ಕೇಳಿಸುತ್ತದೆ. ಅಭ್ಯಾಸಕ್ಕೆ ಇದೇ ತಕ್ಕ ವ್ಯವಸ್ಥೆ. ಮಿಲಿಸೆಕೆಂಡುಗಳಲ್ಲಿ ಒಂದು ಚುಕ್ಕೆಯ ಅವಧಿ ತಿಳಿಯಲು 1200ನ್ನು ನಿಮಿಷಕ್ಕೆ ಕಳುಹಿಸುವ ಪದಗಳ ಸಂಖ್ಯೆಯಿಂದ ಭಾಗಿಸಬೇಕು. 12 ಪದಗಳ ವೇಗದಲ್ಲಿ ಅದು 100, ಹ್ಯಾಮ್ ಪರವಾನಗಿಯ ಜನರಲ್ ಗ್ರೇಡ್ ಪರೀಕ್ಷೆಯ 8 ಪದಗಳ ವೇಗದಲ್ಲಿ 150. ಗೆರೆ ಇದರ ಮೂರರಷ್ಟು. ಪರೀಕ್ಷೆಗೆ ಸಿದ್ಧರಾಗುವವರು ಕೀಯರ್ ವೇಗವನ್ನು 12ಕ್ಕಿಟ್ಟು ಅಕ್ಷರಗಳ ನಡುವಿನ ಬಿಡುವನ್ನು ಹಿಗ್ಗಿಸಿದರೆ ಅಕ್ಷರದ ಲಯ ಕಿವಿಯಲ್ಲಿ ಕೂರುತ್ತದೆ. ನಂತರ ಆಂಟೆನಾದ ಬದಲು ಶಕ್ತಿಯನ್ನು ಹೀರಿಕೊಳ್ಳುವ 50 ಓಮ್‌ನ ಡಮ್ಮಿ ಲೋಡ್ ಹಾಕಿ, ಸೆಮಿ ಬ್ರೇಕ್-ಇನ್‌ನಲ್ಲಿ (ಒತ್ತುವುದು ನಿಂತ ಸ್ವಲ್ಪ ಹೊತ್ತಿಗೆ ರೇಡಿಯೊ ಕೇಳುವ ಸ್ಥಿತಿಗೆ ಮರಳುವ ಬಗೆ) ಕಡಿಮೆ ಶಕ್ತಿಯಿಂದ ಪರೀಕ್ಷಿಸಿ.

ಡಮ್ಮಿ ಲೋಡ್‌ನಲ್ಲಿ ಸರಿಯಿದ್ದ ಕೀಯರ್ ಆಂಟೆನಾಕ್ಕೆ 100 ವಾಟ್ ಕೊಟ್ಟೊಡನೆ ತೊದಲಿದರೆ, ಪ್ರಸಾರದ ಅಲೆಗಳೇ ಕೇಬಲ್ ಹಿಡಿದು ಕೀಯರ್ ಒಳಗೆ ನುಗ್ಗುತ್ತಿವೆ. ರೇಡಿಯೊ ಕೋಣೆಯ ತಾರಸಿಯ ಮೇಲೆಯೇ ತಂತಿ ಆಂಟೆನಾ ಎಳೆದಿರುವ ಮನೆಗಳಲ್ಲಿ ಇದು ಹೊಸದಲ್ಲ. ಕೀ ಕೇಬಲನ್ನು ಫೆರೈಟ್ ಉಂಗುರಕ್ಕೆ ನಾಲ್ಕಾರು ಸುತ್ತು ಸುತ್ತಿ, ಪ್ಯಾಡಲ್‌ನ ಎರಡೂ ಸಂಪರ್ಕಗಳಿಂದ ಗ್ರೌಂಡಿಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಹಾಗೂ ತೊದಲಿದರೆ ಆಂಟೆನಾವನ್ನೇ ದೂರ ಸರಿಸಬೇಕು.

ಕಡಿಮೆ ಶಕ್ತಿಯಲ್ಲೂ ಚುಕ್ಕೆ ಆಗಾಗ ತಪ್ಪುತ್ತಿದ್ದರೆ ದೂಳನ್ನು ಶಂಕಿಸಿ. ಬೇಸಿಗೆಯ ಗಾಳಿಗೆ ಚಿತ್ರದುರ್ಗದ ಬಯಲಿನ ದೂಳು ಮುಚ್ಚಿದ ಕಿಟಕಿಯನ್ನೂ ದಾಟಿ ಬಂದು ಕಾಂಟ್ಯಾಕ್ಟ್‌ಗಳ ಮೇಲೆ ಕೂರುತ್ತದೆ. ಅವುಗಳ ನಡುವೆ ಬಿಳಿ ಕಾಗದದ ಚೂರಿಟ್ಟು, ಪ್ಯಾಡಲನ್ನು ಮೆಲ್ಲಗೆ ಒತ್ತಿ ಹಿಡಿದು, ಕಾಗದವನ್ನು ಎಳೆದು ತೆಗೆಯಿರಿ. ಕಪ್ಪು ಗುರುತು ಮೂಡದಾಗುವವರೆಗೆ ಹೀಗೆ ಮಾಡಿದರೆ ಸಾಕು. ಮರಳು ಕಾಗದ ಮುಟ್ಟಿಸಿದರೆ ಕಾಂಟ್ಯಾಕ್ಟ್‌ನ ಲೇಪವೇ ಕಿತ್ತುಹೋಗುತ್ತದೆ.