ಎರಡೇ ಅಲೆಯಲ್ಲಿ ದೇವರ ಮನೆಯ ಗಂಟೆ

ಕಂಪ್ಯೂಟರಿನಲ್ಲಿ ಗಂಟೆಯ ಸದ್ದು ಮಾಡಬೇಕು ಅಂತ ಶಿರಸಿಯ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಎಲ್ಲರದ್ದೂ ಒಂದೇ ತಪ್ಪು. ಸಾಫ್ಟ್‌ವೇರಿನಲ್ಲಿ ಕಂಡ ಅಂಕಿಯನ್ನೆಲ್ಲ 99ಕ್ಕೆ ಏರಿಸುತ್ತಾರೆ. ತಗಡಿನ ಮಾಡಿನ ಮೇಲೆ ಜಲ್ಲಿ ಸುರಿದ ಹಾಗೆ ಕೇಳುತ್ತದೆ. ಎಫ್‌ಎಂ ಸಿಂಥೆಸಿಸ್, ಅಂದರೆ ಒಂದು ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ಸದ್ದು ಹುಟ್ಟಿಸುವ ವಿಧಾನ, ಕಷ್ಟ ಅಂತ ಬಿಟ್ಟುಬಿಡುತ್ತಾರೆ.

ವಿಷಯ ಇಷ್ಟೇ. ಹಾಡುವಾಗ ಸ್ವರವನ್ನು ಸೆಕೆಂಡಿಗೆ ಐದಾರು ಸಲ ತೂಗಿಸಿದರೆ ಆ ತೂಗಾಟ ಕಿವಿಗೆ ಗೊತ್ತಾಗುತ್ತದೆ. ಅದನ್ನೇ ನೂರಾರು ಸಲ ತೂಗಿಸಿದರೆ ತೂಗಾಟ ಮಾಯವಾಗಿ, ಪಕ್ಕದಲ್ಲಿ ಹೊಸ ಸ್ವರಗಳು ಹುಟ್ಟುತ್ತವೆ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ 1967ರಲ್ಲಿ ಇದನ್ನು ಕಂಡುಕೊಂಡರು. ಯಮಾಹಾದ ಡಿಎಕ್ಸ್7 ಕೀಬೋರ್ಡ್ 1983ರಲ್ಲಿ ಇದನ್ನೇ ಮನೆಮಾತು ಮಾಡಿತು.

ಹಂತ 1: ಡಿಎಕ್ಸ್7ನಂತೆಯೇ ಕೆಲಸ ಮಾಡುವ ಡೆಕ್ಸ್‌ಡ್ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ. ಇಯರ್‌ಫೋನ್ ಬೇಕೇ ಬೇಕು. ಮೊಬೈಲ್ ಸ್ಪೀಕರಿನಲ್ಲಿ ಕೆಳಗಿನ ನಾದ ಕೇಳುವುದೇ ಇಲ್ಲ.

ಹಂತ 2: ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುವ ಇನಿಟ್ ಗುಂಡಿ ಒತ್ತಿ. ಅಲೆ ಹುಟ್ಟಿಸುವ ಒಂದೊಂದು ಘಟಕಕ್ಕೂ ಆಪರೇಟರ್ ಅನ್ನುತ್ತಾರೆ. ಈಗ ಆಪರೇಟರ್ 1 ಮಾತ್ರ ಕೇಳುತ್ತದೆ. ಇದು ಕ್ಯಾರಿಯರ್, ನಮ್ಮ ಕಿವಿಗೆ ಬರುವ ಅಲೆ. ಆಪರೇಟರ್ 2 ಅದನ್ನು ಅಲುಗಾಡಿಸುವ ಮಾಡ್ಯುಲೇಟರ್. ಉಳಿದ ನಾಲ್ಕನ್ನು ಒಂದು ತಿಂಗಳು ಮುಟ್ಟಬೇಡಿ.

ಹಂತ 3: ಆಪರೇಟರ್ 2ರ ಅನುಪಾತ 1.40 ಇಡಿ. ಕ್ಯಾರಿಯರ್ 200 ಹರ್ಟ್ಜ್ (ಸೆಕೆಂಡಿಗೆ 200 ಕಂಪನ) ಇದ್ದರೆ ಮಾಡ್ಯುಲೇಟರ್ 280. ಆಗ 480, 760 ಹೀಗೆ ಮೇಲಕ್ಕೆ ಸ್ವರಗಳು ಬರುತ್ತವೆ. ಕೆಳಗೆ ಸೊನ್ನೆ ದಾಟಿದ್ದು ಮಡಚಿಕೊಂಡು 80, 360 ಆಗಿ ವಾಪಸ್ ಬರುತ್ತದೆ. ಈ ನಾಲ್ಕರಲ್ಲಿ ಯಾವುದೂ 200ರ ಮಗ್ಗಿಯಲ್ಲಿ ಕೂರುವುದಿಲ್ಲ, ಅದಕ್ಕೇ ಲೋಹದ ಗುಣ. ಅನುಪಾತ 2 ಇಟ್ಟರೆ 200, 600, 1000 ಬಂದು ಕ್ಲಾರಿನೆಟ್ ಕಡೆ ವಾಲುತ್ತದೆ.

ಹಂತ 4: ಎಲ್ಲರೂ ಎಡವುವುದು ಇಲ್ಲೇ. ಮೊದಲು ದೇವರ ಮನೆಗೆ ಹೋಗಿ ಗಂಟೆಯನ್ನು ಒಂದೇ ಸಲ ಬಾರಿಸಿ, ಕಣ್ಣು ಮುಚ್ಚಿ ಕೇಳಿ. 'ಠಣ್' ಅನ್ನುವ ಚೂಪು ಮೊದಲು ಸಾಯುತ್ತದೆ. 'ಊಂ' ಅನ್ನುವ ಗುಂಗು ಆಮೇಲೂ ಉಳಿಯುತ್ತದೆ, ಅಲ್ವಾ? ಆ ಚೂಪು ಮಾಡ್ಯುಲೇಟರಿನ ಕೆಲಸ. ಹಾಗಾಗಿ ಅದು ಕ್ಯಾರಿಯರ್‌ಗಿಂತ ಬೇಗ ಇಳಿಯಬೇಕು.

ಸದ್ದು ಏರಿ ಇಳಿಯುವ ರೀತಿಗೆ ಎನ್ವಲಪ್ ಅನ್ನುತ್ತಾರೆ. ಅದರಲ್ಲಿ ಲೆವೆಲ್ ಅಂದರೆ ಮುಟ್ಟಬೇಕಾದ ಮಟ್ಟ, ರೇಟ್ ಅಂದರೆ ಅಲ್ಲಿಗೆ ಹೋಗುವ ವೇಗ. ಎರಡೂ ಆಪರೇಟರುಗಳ ಎನ್ವಲಪ್‌ನಲ್ಲಿ ಎರಡನೇ, ಮೂರನೇ ಲೆವೆಲ್ ಸೊನ್ನೆ ಮಾಡಿ. ಎರಡನೇ ರೇಟ್ ಮಾಡ್ಯುಲೇಟರಿಗೆ ಸುಮಾರು 40, ಕ್ಯಾರಿಯರಿಗೆ 30. ಅಂಕಿ ಕಡಿಮೆಯಾದಷ್ಟೂ ನಿಧಾನ. ನಾಲ್ಕನೇ ರೇಟನ್ನೂ ಹೀಗೇ ಇಳಿಸಿ, ಇಲ್ಲವಾದರೆ ಕೀ ಬಿಟ್ಟ ಕೂಡಲೇ ಗಂಟೆಗೆ ಕೈ ಅಡ್ಡ ಹಿಡಿದ ಹಾಗೆ ಸದ್ದು ನಿಲ್ಲುತ್ತದೆ. ರಿವರ್ಬ್ (ಕೃತಕ ಅನುರಣನ) ಸುರಿದು ಇದನ್ನು ಮುಚ್ಚಲು ಹೋಗಬೇಡಿ, ತಪ್ಪು ಎಲ್ಲಿದೆ ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಈಗ ಮಾಡ್ಯುಲೇಟರಿನ ಔಟ್‌ಪುಟ್ ಲೆವೆಲ್. 60ರಿಂದ ಶುರು ಮಾಡಿ, ಎರಡೆರಡೇ ಏರಿಸುತ್ತಾ ಅದೇ ಕೀ ಒತ್ತಿ ಕೇಳಿ. ಲೆವೆಲ್ ಏರಿದಷ್ಟೂ ಪಕ್ಕದ ಸ್ವರಗಳು ಜಾಸ್ತಿ. ನನಗೆ 80ರ ಆಸುಪಾಸಿನಲ್ಲಿ ಗಂಟೆ ಸಿಗುತ್ತದೆ. 90 ದಾಟಬೇಡಿ.

ಹಂತ 5: ಮೇಲಿನ ಕೀಗಳು ಕಿರುಚಿದರೆ, ಅಲ್ಲಿ ಮಾಡ್ಯುಲೇಟರಿನ ಲೆವೆಲ್ ತಾನೇ ತಗ್ಗುವಂತೆ ಕೀಬೋರ್ಡ್ ಸ್ಕೇಲಿಂಗ್ ಹಾಕಿ. ಕೊನೆಗೆ ಹೆಸರು ಕೊಟ್ಟು ಸೇವ್ ಮಾಡಿ.